ಇನ್ನೊಬ್ಬರ ಕುರ್ಚಿಯಲ್ಲಿ

ಡ್ರಿಲ್ ಮೇಷ್ಟ್ರಿಗೆ ಪಾರ್ಶ್ವವಾಯು ಹೊಡೆದಾಗ ಬಲಗೈ, ಬಲಗಾಲಿನ ಜೊತೆ ಮಾತೂ ಹೋಯಿತು. ಉಳಿದದ್ದು ಒಂದೇ ಪದ: ‘ಬೇಡ’. ನೀರು ಬೇಕಾದರೂ ಬೇಡ, ಕಿಟಕಿ ಮುಚ್ಚಬೇಕಾದರೂ ಬೇಡ, ನಗು ಬಂದರೂ ಬೇಡ. ಮುನ್ನೂರು ಮಕ್ಕಳನ್ನು ಒಂದೇ ಕೂಗಿಗೆ ಸಾಲಾಗಿ ನಿಲ್ಲಿಸುತ್ತಿದ್ದ ಮನುಷ್ಯ. ಈಗ ಅವರ ಯಾವ ಬೇಡಕ್ಕೆ ಏನರ್ಥ ಎಂದು ಬಲ್ಲವನು ತಮ್ಮ ಒಬ್ಬನೇ.

ತಮ್ಮನದು ಎರಡು ಕುರ್ಚಿಯ ಕಟಿಂಗ್ ಶಾಪ್; ಅದರ ಹಿಂದೆಯೇ ಎರಡು ಕೋಣೆಯ ಮನೆ. ಅಣ್ಣ ತಮ್ಮ ಇಬ್ಬರೂ ಮದುವೆಯ ಗೋಜಿಗೆ ಹೋದವರಲ್ಲ. ಅಪ್ಪ ತೀರಿಕೊಂಡಾಗ ತಮ್ಮನಿಗೆ ಒಂಬತ್ತು ವರ್ಷ. ಅವನಿಗೆ ಶೂ ಲೇಸು ಕಟ್ಟಲು ಕಲಿಸಿದ್ದರಿಂದ ಹಿಡಿದು ಅಂಗಡಿ ಹಾಕಿಕೊಟ್ಟಿದ್ದರವರೆಗೆ ಎಲ್ಲ ಅಣ್ಣನದೇ. ಹಾಗಾಗಿ ಆಸ್ಪತ್ರೆಯಿಂದ ಕರೆತಂದ ದಿನ ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆಯೇ ಏಳಲಿಲ್ಲ. ಬೇರೆ ಊರಿನಲ್ಲಿದ್ದ ಅಕ್ಕ ಒಂದು ವಾರ ಇದ್ದು, ಅತ್ತು, ಹೊರಟುಹೋದಳು.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಗಿರಾಕಿಯ ಕೆನ್ನೆಗೆ ನೊರೆ ಹಚ್ಚಿ, ‘ಒಂದು ನಿಮಿಷ’ ಎಂದು ಒಳಗೆ ಓಡಿ, ಬಟ್ಟೆ ಬದಲಿಸಿ, ಕೈ ತೊಳೆದು ಬರುವ ಹೊತ್ತಿಗೆ ನೊರೆ ಒಣಗಿರುತ್ತಿತ್ತು. ಗಿರಾಕಿಗಳು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

“ಪುಣ್ಯಾತ್ಮ ಕಣಯ್ಯ ನೀನು. ಈ ಕಾಲದಲ್ಲಿ ಯಾರು ಮಾಡ್ತಾರೆ ಇಷ್ಟೆಲ್ಲ?”

ಆ ಮಾತೇ ಅವನಿಗೆ ಭಾರ. ಪುಣ್ಯಾತ್ಮ ಅನ್ನಿಸಿಕೊಂಡ ಮೇಲೆ ಸಿಟ್ಟನ್ನು ಎಲ್ಲಿಡುವುದು? ವಾರಕ್ಕೊಮ್ಮೆ ಅಕ್ಕ ಫೋನ್ ಮಾಡಿ ವಿಚಾರಿಸಿದಾಗಲೂ ಅವನ ಉತ್ತರ ಒಂದೇ: “ಎಲ್ಲ ಚೆನ್ನಾಗಿದೆ ಅಕ್ಕ.”

ಎಂಟನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಅಣ್ಣ ಎರಡು ಸಲ ಹಾಸಿಗೆ ಒದ್ದೆ ಮಾಡಿಕೊಂಡರು. ಮೂರನೆಯ ಬೆಡ್‌ಶೀಟ್ ಹಾಸಿ, ದಿಂಬಿಗೆ ಒರಗಿಸಿ ಕೂರಿಸಿ, ಸೂಪಿನ ಚಮಚ ಬಾಯಿಗೆ ಹಿಡಿದರೆ ಅಣ್ಣ ಎಡಗೈಯಿಂದ ಬಟ್ಟಲನ್ನೇ ತಳ್ಳಿದರು. ಸೂಪೆಲ್ಲ ಒಗೆದ ಬೆಡ್‌ಶೀಟಿನ ಮೇಲೆ.

“ಬೇಡ,” ಎಂದರು.

“ಬೇಡ ಅಂದ್ರೆ ಸಾಯಿ ಹೋಗು! ನಂಗೂ ಸಾಕಾಗಿದೆ!”

ಅಂಗಡಿಯಲ್ಲಿ ಕೂತಿದ್ದ ಗಿರಾಕಿ ಕೆಮ್ಮಿದ. ತಮ್ಮ ಹೊರಗೆ ಬಂದು ಕತ್ತರಿ ಹಿಡಿದ. ಕೈ ಸ್ವಲ್ಪವೂ ನಡುಗಲಿಲ್ಲ. ಅಷ್ಟು ದೊಡ್ಡ ಮಾತಾಡಿಯೂ ಕೈ ನಡುಗದೇ ಇದ್ದದ್ದು ಅವನಿಗೆ ಹೆದರಿಕೆ ಹುಟ್ಟಿಸಿತು.

ಅವತ್ತಿನಿಂದ ಅಣ್ಣ ಆ ಒಂದು ಪದವನ್ನೂ ನಿಲ್ಲಿಸಿಬಿಟ್ಟರು. ಕೊಟ್ಟಿದ್ದನ್ನು ನುಂಗಿದರು, ತಿರುಗಿಸಿದ ಕಡೆ ತಿರುಗಿದರು. “ತಪ್ಪಾಯ್ತಣ್ಣ, ಬಾಯ್ತಪ್ಪಿ ಬಂತು,” ಎಂದು ತಮ್ಮ ಹೇಳಿದ್ದನ್ನು ಗೋಡೆಗೆ ಮುಖ ಮಾಡಿಕೊಂಡೇ ಕೇಳಿದರು. ಬಾಯಿ ತಪ್ಪಿ ಬಂದದ್ದಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಎಷ್ಟೋ ದಿನಗಳಿಂದ ಅದು ತಮ್ಮನ ಗಂಟಲಲ್ಲೇ ಕೂತಿತ್ತು.

ಮೂರನೆಯ ದಿನ ಅವನು ತಾನಾಗಿಯೇ ಅಕ್ಕನಿಗೆ ಫೋನ್ ಮಾಡಿದ.

“ಅಕ್ಕ, ಚೆನ್ನಾಗಿಲ್ಲ.”

ಅಕ್ಕ ಮರುದಿನದ ಮೊದಲ ಬಸ್ಸಿಗೇ ಬಂದಿಳಿದಳು. ಅಡುಗೆಮನೆಯಲ್ಲಿ ನಿಂತು ಅವನು ಎಲ್ಲ ಹೇಳಿದ; ಸಾಯಿ ಎಂದದ್ದನ್ನೂ ಮುಚ್ಚಿಡಲಿಲ್ಲ. ಬೈಗುಳ ತಿನ್ನಲು ತಯಾರಾಗಿಯೇ ನಿಂತಿದ್ದ.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. “ನೀನು ಚೆನ್ನಾಗಿದೆ ಅಂದಾಗ್ಲೆಲ್ಲ ಸುಳ್ಳು ಅಂತ ಗೊತ್ತಾಗ್ತಿತ್ತು ಕಣೋ. ಆದ್ರೂ ನಂಬ್ತಿದ್ದೆ. ಅಣ್ಣನ್ನ ಆ ಸ್ಥಿತೀಲಿ ನೋಡೋಕೆ ನಂಗೆ ಧೈರ್ಯ ಇರ್ಲಿಲ್ಲ. ನಿಂಗಿದೆ ಅಂದ್ಕೊಂಡು ಕೈ ತೊಳ್ಕೊಂಡೆ.”

“ನಂಗೆಲ್ಲಿತ್ತು ಧೈರ್ಯ?”

“ಗೊತ್ತಾಯ್ತಲ್ಲ ಈಗ. ಹೋಗು, ಅಂಗಡಿ ಮುಚ್ಚಿ ಎಲ್ಲಾದ್ರೂ ತಿರುಗಾಡ್ಕೊಂಡ್ ಬಾ. ಸಂಜೆವರೆಗೂ ಮುಖ ತೋರಿಸ್ಬೇಡ.”

“ಎರಡು ಗಂಟೆಗೊಂದ್ಸಲ ಮಗ್ಗುಲು ಬದಲಿಸ್ಬೇಕು. ಸೂಪು ಬಿಸಿ ಜಾಸ್ತಿ ಇರ್ಬಾರ್ದು. ಮಂಡಿ ಕೆಳಗೆ ದಿಂಬು...”

“ಬೇಡ!”

ಒಳಕೋಣೆಯಿಂದ, ಮೈದಾನದ ಆಚೆ ತುದಿಗೂ ಕೇಳಿಸುವಂಥ ಗಂಟಲಿನಲ್ಲಿ. ಇಬ್ಬರೂ ಓಡಿಹೋಗಿ ನೋಡಿದರೆ ಅಣ್ಣನ ಎಡಗೈ ಬಾಗಿಲನ್ನು ತೋರಿಸುತ್ತಿತ್ತು.

“ಏನಂತೆ?” ಅಕ್ಕ ಕೇಳಿದಳು.

“ನಂಗೆ ಹೊರಡು ಅಂತಿದಾನೆ.”

“ಇಷ್ಟು ನಂಗೂ ಅರ್ಥ ಆಗತ್ತೆ ಬಿಡು.”

ಹೊರಗೆ ಬಂದವನಿಗೆ ಎಲ್ಲಿಗೆ ಹೋಗಬೇಕೆಂದೇ ತೋಚಲಿಲ್ಲ. ಕಾಲು ಕರೆದುಕೊಂಡು ಹೋದ ಕಡೆ ನಡೆದ. ಮೂರು ಸಲ ಗಡಿಯಾರ ನೋಡಿಕೊಂಡ. ಒಂದು ಚಪ್ಪಲಿ ಅಂಗಡಿಯ ಗಾಜಿನಲ್ಲಿ ತನ್ನ ಮುಖ ಕಂಡು ನಿಂತ. ಊರಿಗೆಲ್ಲ ಗಡ್ಡ ಹೆರೆಯುವವನ ಗಡ್ಡ ಹತ್ತು ದಿನದ್ದು. ನಾಲ್ಕು ಬೀದಿ ಆಚೆ, ತನ್ನ ಗುರುತಿಲ್ಲದ ಒಂದು ಸಲೂನಿಗೆ ಹೋಗಿ ಕೂತ.

ಮುದುಕ ಸಲೂನಿನವನು ಬಟ್ಟೆ ಹೊದಿಸಿ ಕೇಳಿದ, “ಏನ್ ಕೆಲ್ಸ ಮಾಡ್ಕೊಂಡಿದೀರಾ?”

“ಮನೇಲಿ ಅಣ್ಣನ್ನ ನೋಡ್ಕೋತೀನಿ. ಲಕ್ವ ಹೊಡ್ದಿದೆ.”

ಅದನ್ನೊಂದು ಕೆಲಸ ಎಂದು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮುದುಕ ‘ಪುಣ್ಯಾತ್ಮ’ ಎನ್ನಲಿಲ್ಲ. ಅವನ ತಲೆಯನ್ನು ಹಿಂದಕ್ಕೆ ಒರಗಿಸಲು ನೋಡಿ, “ಕತ್ತು ಯಾಕ್ರೀ ಇಷ್ಟು ಬಿಗಿ ಹಿಡಿದಿದೀರಾ? ಸಡಿಲ ಬಿಡಿ. ತಲೆ ಬೀಳಲ್ಲ, ನಾನ್ ಹಿಡ್ಕೊಂಡಿದೀನಿ,” ಎಂದ.

ಕತ್ತು ಸಡಿಲಾಗಲು ಹೊತ್ತು ಹಿಡಿಯಿತು. ಮುಖಕ್ಕೆ ಬಿಸಿ ಟವೆಲ್ ಬಿದ್ದಾಗ, ಅದರ ಮರೆಯಲ್ಲಿ ಅವನಿಗೆ ಅಳು ಬಂತು. ಅಂಗೈ ತುಂಬ ಮುಖ ಹಿಡಿದು ಯಾರಾದರೂ ಉಪಚರಿಸಿ ಎಷ್ಟು ಕಾಲವಾಗಿತ್ತೋ. ಭುಜ ಕುಲುಕುವುದು ಮುದುಕನಿಗೆ ಕಂಡಿರಬೇಕು. ಅವನು ಟವೆಲ್ ತೆಗೆಯಲಿಲ್ಲ. ರೇಡಿಯೋ ಸ್ವಲ್ಪ ಜೋರು ಮಾಡಿ, ಬಾಗಿಲ ಬಳಿ ಹೋಗಿ ಬೀದಿ ನೋಡುತ್ತ ನಿಂತ.

ಸಂಜೆ ಮನೆಗೆ ಬಂದಾಗ ಅಕ್ಕನ ಜಡೆ ಬಿಚ್ಚಿಹೋಗಿತ್ತು. “ಒಂದೇ ದಿನಕ್ಕೆ ಸೊಂಟ ಬಿದ್ದೋಯ್ತು. ಇಷ್ಟು ತಿಂಗಳು ಹೇಗೆ ಮಾಡಿದ್ಯೋ?” ಎಂದಳು. ಅಣ್ಣ ನಿದ್ದೆ ಹೋಗಿದ್ದರು.

ಈಗ ಹದಿನೈದು ದಿನಕ್ಕೊಮ್ಮೆ ಅಕ್ಕ ಬಂದು ಎರಡು ದಿನ ಇರುತ್ತಾಳೆ. ಮೊದಮೊದಲು ಭಾವ ಗೊಣಗಿದರು, ಆಮೇಲೆ ಒಗ್ಗಿಕೊಂಡರು. ಆಸರೆ ಕೊಟ್ಟರೆ ಅಣ್ಣ ಕುರ್ಚಿಯಲ್ಲಿ ಕೂರುತ್ತಾರೆ. ಮಾತು ಮರಳಿಲ್ಲ, ಮರಳುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ತಮ್ಮ ಆಮೇಲೂ ಎರಡು ಸಲ ಕೂಗಾಡಿದ್ದಾನೆ. ಇದು ಯಾವಾಗ ಮುಗಿಯುತ್ತದೆ ಎಂಬ ಯೋಚನೆಯೂ ಬರುತ್ತದೆ. ಬಂದರೆ ಈಗ ಅಕ್ಕನಿಗೆ ಹೇಳುತ್ತಾನೆ.

ಅಕ್ಕ ಇರುವ ದಿನ ಅವನು ಯಾವುದೋ ಒಂದು ಬಸ್ಸು ಹತ್ತಿ ಕೊನೆಯ ನಿಲ್ದಾಣದವರೆಗೆ ಹೋಗಿ, ಅದೇ ಬಸ್ಸಿನಲ್ಲಿ ವಾಪಸು ಬರುತ್ತಾನೆ.

“ಏನ್ ನೋಡ್ದೆ ಇವತ್ತು?” ಎಂದು ಅಕ್ಕ ಕೇಳುತ್ತಾಳೆ.

“ಏನೂ ನೋಡ್ಲಿಲ್ಲ ಅಕ್ಕ. ಕಿಟಕಿ ಪಕ್ಕ ಸೀಟು ಸಿಕ್ಕಿತ್ತು, ಸುಮ್ನೆ ಕೂತಿದ್ದೆ.”