ಮರಳಿನ ಕಾಲು

ಎಡಗಾಲು ಹೋದ ಮೇಲೆ ನನ್ನ ಭಾವ ನಿಕಿಫೋರ್ ಮೊಟ್ಟಮೊದಲು ಮಾಡಿದ ಕೆಲಸವೆಂದರೆ ಅಂಗಳದ ಬೆಂಚನ್ನು ತಿರುಗಿಸಿ ಹಾಕಿದ್ದು. ಮದುವೆಯಾದಾಗಿನಿಂದ ಕಾಲುವೆಗೆ ಮುಖ ಮಾಡಿಕೊಂಡಿದ್ದ ಬೆಂಚು ಅಂದಿನಿಂದ ಕೋಳಿಗೂಡಿಗೆ ಮುಖ ಮಾಡಿತು. ಸಕ್ಕರೆ ಕಾಯಿಲೆ, ಹೆಬ್ಬೆರಳಿಗೊಂದು ಸಣ್ಣ ಗಾಯ, ಅಷ್ಟಕ್ಕೇ ತುಲ್ಚಾದ ಆಸ್ಪತ್ರೆಯಲ್ಲಿ ಮಂಡಿಯ ಮೇಲಿನವರೆಗೂ ತೆಗೆಯಬೇಕಾಯಿತು. ಮನೆಗೆ ಬಂದವನು ನೋವಿನ ಮಾತೇ ಎತ್ತಲಿಲ್ಲ. ಕೋಳಿ ನೋಡುತ್ತ, ಗಡ್ಡ ಬಾಚಿಕೊಳ್ಳುತ್ತ ಕೂತುಬಿಟ್ಟ.

ಡ್ಯಾನ್ಯೂಬ್ ನದಿ ಸಮುದ್ರ ಸೇರುವ ಮೊದಲು ಚೂರುಚೂರಾಗುವ ಈ ಜೊಂಡಿನ ಸೀಮೆಯಲ್ಲಿ ನಿಕಿಫೋರನಂಥ ಮೀನುಗಾರ ಇನ್ನೊಬ್ಬನಿಲ್ಲ. ಇದನ್ನು ನಾನು ಹಲ್ಲು ಕಚ್ಚಿಕೊಂಡೇ ಹೇಳುತ್ತಿದ್ದೇನೆ, ಯಾಕೆಂದರೆ ಭಾವನನ್ನು ಹೊಗಳಿದರೆ ಭಾಮೈದನಿಗೆ ಏನು ಬೆಲೆ ಉಳಿಯುತ್ತದೆ? ನಾನು ತೆರೆಂತಿ, ದೋಣಿಗಳಿಗೆ ಡಾಂಬರು ಬಳಿಯುವವನು. ಮೀನು ಹಿಡಿಯುವುದರಲ್ಲಿ ಅಷ್ಟಕ್ಕಷ್ಟೆ, ಬಾಯಿ ಮಾತ್ರ ಜೋರು. ಆದರೂ ಅವನು ಕ್ಲೋಂಕ್ ಕೋಲು ಹಿಡಿದು ನೀರಿಗೆ ಹೊಡೆಯುವುದನ್ನು ಕೇಳಿದವರಿಗೆ ನನ್ನ ಮಾತು ಅರ್ಥವಾಗುತ್ತದೆ. ಗೇಣುದ್ದದ ಬಾಗಿದ ಮರದ ಕೋಲು ಅದು. ಹೊಡೆದಾಗ ನೀರಿನೊಳಗೆ ಗಾಳಿ ಸಿಕ್ಕಿಕೊಂಡು 'ಗುಳುಂಕ್' ಎನ್ನಬೇಕು. ಆ ಸದ್ದಿಗೆ ತಳದಲ್ಲಿ ಮಲಗಿರುವ ಮೀಸೆಯ ಸೋಮ್ ಮೀನು ಯಾರಪ್ಪ ಅದು ಎಂದು ಎದ್ದು ಬರುತ್ತದೆ. ನಾನು ಹೊಡೆದರೆ ಬಟ್ಟೆ ಒಗೆದ ಹಾಗಾಗುತ್ತದೆ. ಭಾವ ಹೊಡೆದರೆ ಹೊಳೆಯೇ ಮಾತಾಡಿದ ಹಾಗೆ.

ನಮ್ಮ ಕರಿ ಲೋಟ್ಕಾ ದೋಣಿಗಳಿಗೆ ಎರಡೂ ಕಾಲು ಒತ್ತಿ ಹುಟ್ಟು ಹಾಕಬೇಕು. ಒಂಟಿ ಕಾಲಿನವನಿಗೆ ಅದು ಆಗದ ಮಾತು.

"ಭಾವ, ನನ್ನ ಲೋಟ್ಕಾದಲ್ಲಿ ಬಾ," ಎಂದೆ ಒಂದು ದಿನ. "ನಾನು ಹುಟ್ಟು ಹಾಕ್ತೀನಿ, ನೀನು ಸುಮ್ನೆ ಕೂತ್ಕೊ."

"ನಾನೇನು ಹಿಟ್ಟಿನ ಮೂಟೆಯೇನೋ, ಗಿರಣಿಯಿಂದ ಸಾಗ್ಸೋಕೆ?" ಎಂದ ಅವನು. "ನನ್ನ ಕೈಯಾರೆ ಹೋಗಿ ನನ್ನ ಕೈಯಾರೆ ಬರೋ ಹಂಗಿದ್ರೆ ನೀರು. ಇಲ್ದಿದ್ರೆ ಈ ಕೋಳಿಗಳೇ ಸಾಕು ನಂಗೆ."

ನನ್ನ ಅಕ್ಕ ಅಗಾಫ್ಯಾ ಈ ಮಾತನ್ನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅವಳು ಊರ ತುದಿಯ ಪ್ರವಾಸಿಗಳ ಮನೆಯಲ್ಲಿ ಅಡಿಗೆ ಮಾಡುತ್ತಾಳೆ. ಒಂದು ವಾರ ಕಳೆದಿರಬೇಕು, ಅಲ್ಲಿ ಸೌದೆ ರಾಶಿಯ ಹಿಂದೆ ಬಿದ್ದಿದ್ದ ಒಬ್ಬರೇ ಕಾಲು ಚಾಚಿ ಕೂತು ಬರಿಯ ತೋಳಲ್ಲಿ ನಡೆಸುವ ಹಳದಿ ಪ್ಲಾಸ್ಟಿಕ್ ಕಯಾಕೊಂದನ್ನು ಕೈಗಾಡಿಯ ಮೇಲೆ ಎಳೆದುಕೊಂಡು ಬಂದಳು. ಮೂತಿ ಸೀಳಿತ್ತು, ಕೂರುವ ಕಡೆ ಜೇಡ ಮನೆ ಮಾಡಿತ್ತು.

"ಏನಕ್ಕ ಇದು? ಹಂದಿಗೆ ಮುಸುರೆ ಹಾಕೋ ದೋಣಿಯಾ?" ಎಂದೆ.

"ನಿಂಗೆ ಊಟ ಹಾಕೋದಕ್ಕೇ ತಂದೆ. ಬಾಯಿ ಮುಚ್ಕೊಂಡು ಆ ಕಡೆ ಹಿಡ್ಕೊ."

ಪ್ಲಾಸ್ಟಿಕ್ ದೋಣಿ ಮುಟ್ಟಿದರೆ ನನ್ನ ಕೈ ಮೈಲಿಗೆಯಾಗುತ್ತದೆಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದವನು ನಾನು. ಅಕ್ಕನ ಮುಂದೆ ಅದೆಲ್ಲ ನಡೆಯುವುದಿಲ್ಲ. ಮೂತಿಯ ಸೀಳನ್ನು ಕಾಯಿಸಿ ಬೆಸೆದೆ. ಎರಡು ಎಣ್ಣೆಡಬ್ಬಗಳನ್ನು ವಿಲೋ ಮರದ ಗಳುವಿಗೆ ಕಟ್ಟಿ, ಮಗುಚದ ಹಾಗೆ ಎರಡೂ ಪಕ್ಕಕ್ಕೆ ತೇಲುಗಾಲು ಕೊಟ್ಟೆ. ಬಟ್ಟೆ ಒಣಹಾಕುವ ಹಗ್ಗದ ರಾಟೆ ಬಿಚ್ಚಿ, ಕೂತಲ್ಲಿಂದಲೇ ಲಂಗರು ಬಿಡುವ ವ್ಯವಸ್ಥೆ ಮಾಡಿದೆ. ಭಾವ ಬೆನ್ನು ಹಾಕಿಕೊಂಡು ಕೋಳಿ ನೋಡುತ್ತಿದ್ದ. ಆದರೆ ನಾನು ಗಾಳದ ಕೋಲು ಸಿಕ್ಕಿಸಲು ಕೊಳವೆ ಜೋಡಿಸುತ್ತಿದ್ದ ದಿನ ಅವನ ಬೆನ್ನು ತಾಳಲಿಲ್ಲ.

"ಅಲ್ಲಿ ಇಟ್ರೆ ಹುಟ್ಟಿಗೆ ತಗಲ್ತದೆ."

"ನಿಂಗ್ಯಾಕೆ ಭಾವ? ನೀನು ಕೋಳಿ ನೋಡು."

"ಲೋ ಕತ್ತೆ, ಮೊಳ ಹಿಂದಕ್ಕಿಡೋ. ಕೊಡು ಇಲ್ಲಿ."

ಅಲ್ಲಿಂದ ಮುಂದೆ ನಾನು ಬರಿಯ ಸುತ್ತಿಗೆ ಎತ್ತಿಕೊಡುವವನಾದೆ. ಅವನ ಕೈ ನೋಡುತ್ತಿದ್ದರೆ ಹೊಟ್ಟೆ ತುಂಬುತ್ತಿತ್ತು. ಕಣ್ಣು ಮುಚ್ಚಿಕೊಂಡು ಕಯಾಕಿನಲ್ಲಿ ಕೂರುವುದು, ಕೈ ಚಾಚುವುದು, ಬೆರಳು ಎಲ್ಲಿ ತಾಗುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕುವುದು. ಚಾಕು ಇಲ್ಲಿ, ಕ್ಲೋಂಕ್ ಕೋಲು ಇಲ್ಲಿ, ಮೀನಿನ ದವಡೆ ಹಿಡಿಯುವ ಕೈಗವಸು ಇಲ್ಲಿ. ಒಂದು ಸಾಮಾನಿಗೂ ಅವನು ತಲೆ ತಿರುಗಿಸಬೇಕಾಗಿರಲಿಲ್ಲ.

ಒಂದೇ ತೊಂದರೆ. ಎಡಗಾಲಿನ ಭಾರವಿಲ್ಲದೆ ಕಯಾಕ್ ಅಂಗಳದಲ್ಲೇ ಬಲಕ್ಕೆ ವಾಲುತ್ತಿತ್ತು. ಅಕ್ಕ ಒಳಗೆ ಹೋಗಿ ಅವನ ಹಳೆಯ ಪ್ಯಾಂಟಿನ ಎಡಗಾಲನ್ನು ಕತ್ತರಿಸಿ, ತುದಿ ಹೊಲಿದು, ಮರಳು ತುಂಬಿ, ಮೇಲೆ ದಾರ ಬಿಗಿದು ತಂದು ಅವನ ಪಕ್ಕದಲ್ಲಿ ಮಲಗಿಸಿದಳು. ಕಯಾಕ್ ನೆಟ್ಟಗಾಯಿತು. ಭಾವ ಆ ಮರಳಿನ ಕಾಲನ್ನು ತಟ್ಟಿ ನೋಡಿದ.

"ಪರ್ವಾಗಿಲ್ಲ ಕಣೆ," ಎಂದ. "ಇದಕ್ಕೆ ಸಕ್ಕರೆ ಕಾಯಿಲೆ ಬರಲ್ಲ."

ಅಕ್ಕ ನಕ್ಕಳು, ಆಮೇಲೆ ಚಹಾ ಕಾಯಿಸುವ ಸಮೋವರಿನ ಕೆಂಡ ಸರಿಮಾಡುವ ನೆಪದಲ್ಲಿ ಒಳಗೆ ಹೋಗಿ ತುಂಬ ಹೊತ್ತು ಬರಲಿಲ್ಲ.

ಸಾಮಾನೆಲ್ಲ ಆಯಿತು, ಇಳಿಯುವುದು ಎಲ್ಲಿ? ಕಾಲಿದ್ದವರಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ದೋಣಿಕಟ್ಟೆ ನೀರಿನಿಂದ ಸೊಂಟದೆತ್ತರ. ಅಲ್ಲಿಂದ ಇಳಿಯಲು ಹೋದವನನ್ನು ನಾನು ಕಂಕುಳಿಗೆ ಕೈಹಾಕಿ ಹಿಡಿದುಕೊಳ್ಳದಿದ್ದರೆ ಕಟ್ಟೆಯ ಗೂಟಕ್ಕೆ ತಲೆ ಬಡಿಯುತ್ತಿತ್ತು. ದಡದ ಕೆಸರಿನಲ್ಲಿ ಊರುಗೋಲು ಹಿಡಿಯವರೆಗೂ ಹೂತುಹೋಯಿತು. ಇಗರ್ಜಿಯ ಹತ್ತಿರ ಒಳ್ಳೆಯ ಇಳಿಜಾರು ಇದೆ, ಆದರೆ ಅಲ್ಲಿ ಸದಾ ಹತ್ತು ಜನ ಗಡ್ಡದವರು ಕೂತು ಸೂರ್ಯಕಾಂತಿ ಬೀಜ ಉಗುಳುತ್ತಿರುತ್ತಾರೆ. ಅವನು ಜಾರಿಕೊಂಡು ಇಳಿಯುವುದನ್ನು ಕಂಡು ಇಬ್ಬರು ಓಡಿಬಂದು ಎತ್ತಿ ಕೂರಿಸಿದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದರು. ಭಾವ ಅವರಿಗೆ ಕೈಮುಗಿದು, ಹುಟ್ಟು ಮುಟ್ಟದೆ, ಮನೆಗೆ ವಾಪಸ್ ಕರೆದುಕೊಂಡು ಹೋಗು ಎಂದು ನನಗೆ ಹೇಳಿದ.

"ಕೋಳಿಗೆ ನೀರು ಹಾಕೋಕೆ ಇಟ್ಕೊ ಅದನ್ನ," ಎಂದು ಅಕ್ಕನಿಗೆ ಹೇಳಿದ. "ಮುಗೀತು."

ಮುಗಿಯಿತು ಎಂದರೆ ಬಿಡುವವಳೇ ಅವಳು? ಅವರ ಹಿತ್ತಲಿನ ತುದಿಗೆ, ಸಣ್ಣ ಸರೋವರದ ಬಾಯಲ್ಲಿ, ಒಂದು ಪ್ಲಾವುರ್ ಬಂದು ತಗಲಿಕೊಂಡಿತ್ತು. ಜೊಂಡಿನ ಬೇರುಗಳೇ ಹೆಣೆದುಕೊಂಡು ನೀರಿನ ಮೇಲೆ ತೇಲುವ ಹಾಸು ಅದು, ದನದ ಕೊಟ್ಟಿಗೆಯಷ್ಟು ಅಗಲ. ಅಕ್ಕ ಅದನ್ನು ದಡದ ವಿಲೋ ಮರಕ್ಕೆ ಉದ್ದನೆಯ ಹಗ್ಗದಿಂದ ಕಟ್ಟಿ, ಹಲಗೆ ಹಾಕಿ, ಜೊಂಡು ಕೊಯ್ಯಲು ಓಡಾಡುತ್ತಿದ್ದಳು. ಮಾರನೆಯ ಬೆಳಿಗ್ಗೆ ಅವಳು ಅಲ್ಲಿಂದಲೇ ಕೂಗಿದಳು.

"ಲೋ ತೆರೆಂತಿ, ಬಾರೋ! ಇಲ್ಲಿ ಅಂಚಲ್ಲಿ ಕೂತ್ಕೊ."

ಕೂತೆ. ಹಾಸು ನನ್ನ ಭಾರಕ್ಕೆ ನಿಧಾನವಾಗಿ ತಗ್ಗಿತು. ನೀರು ಬಂದು ತೊಡೆ ಮುಟ್ಟಿತು, ಪಕ್ಕದಲ್ಲಿದ್ದ ಬುಟ್ಟಿ ತಾನಾಗಿಯೇ ತೇಲಿತು.

"ಏನ್ ಗೊತ್ತಾಯ್ತು?"

"ಚಡ್ಡಿ ಒದ್ದೆಯಾಯ್ತು."

"ನಿನ್ನ ತಲೆ. ಅವ್ನನ್ನ ನೀರಿಗೆ ಇಳ್ಸೋದು ಹೆಂಗೆ ಅಂತ ಊರೆಲ್ಲ ಹುಡುಕಿದ್ವಿ. ಇಲ್ಲಿ ನೀರೇ ಮೇಲಕ್ಕೆ ಬರ್ತದೆ ನೋಡು!"

ಹುಟ್ಟಿದಾಗಿನಿಂದ ಈ ಹಾಸುಗಳ ಮೇಲೆ ಕಾಲಿಟ್ಟವನು ನಾನು, ನನಗೆ ಹೊಳೆದಿರಲಿಲ್ಲ. ಗಟ್ಟಿ ನೆಲವನ್ನೇ ಹುಡುಕುತ್ತಿದ್ದೆವು. ಬೇಕಾಗಿದ್ದದ್ದು ಮೆತ್ತನೆಯ ನೆಲ.

ಇಲ್ಲಿ ಯಾರೂ ಹಿಡಿಯಬೇಕಾಗಿಲ್ಲ ಎಂದು ಅಕ್ಕ ಹೇಳಿದ ಮೇಲೆ, ಊರುಗೋಲುಗಳ ಬುಡಕ್ಕೆ ಅಗಲ ಹಲಗೆಯ ತುಂಡು ಹೊಡೆದುಕೊಂಡು ಭಾವ ಹಾಸಿನ ಮೇಲೆ ಬಂದ. ಅಂಚಿನಲ್ಲಿ ಕೂತ. ಹಾಸು ತಗ್ಗಿತು, ಕಯಾಕ್ ಅವನ ತೊಡೆಯ ಮಟ್ಟಕ್ಕೆ ತೇಲಿ ನಿಂತಿತು. ಅಂಗೈ ಊರಿ ಮೈ ಎತ್ತಿ ಒಂದೇ ಸಲಕ್ಕೆ ಒಳಗೆ ಜಾರಿಕೊಂಡ. ಯಾರೂ ಮುಟ್ಟಲಿಲ್ಲ. ಅಕ್ಕ ಎರಡು ಬೆರಳು ಜೋಡಿಸಿ ಶಿಲುಬೆ ಗುರುತು ಹಾಕಿಕೊಂಡಳು.

ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ನನ್ನೊಳಗಿನ ಹೆದರಿಕೆ ಬಿಡಲಿಲ್ಲ. ಅವನೇನಾದರೂ ಮಗುಚಿದರೆ? ನನ್ನ ಲೋಟ್ಕಾ ಡಾಂಬರು ಹೊಡೆಸಿಕೊಂಡು ಒಣಗುತ್ತ ಮನೆಯ ಮುಂದೆ ಮಗುಚಿ ಬಿದ್ದಿತ್ತು. ಅಕ್ಕ ಅಡಿಗೆಗೆ ಹೊರಟಳು. ನಾನು ಮೆಲ್ಲಗೆ ವಿಲೋ ಮರದ ಹಗ್ಗ ಬಿಚ್ಚಿದೆ, ಹಾಸಿನ ಬೇರಿನ ಸಂದಿಗೆ ಹೆಣೆದಿದ್ದ ತುದಿಯನ್ನೂ ಬಿಚ್ಚಿದೆ. ಮೂರು ವರ್ಷದಿಂದ ಅಲ್ಲಾಡದ ಹಾಸು ಇವತ್ತು ಎಲ್ಲಿಗೆ ಹೋಗುತ್ತದೆ ಎಂದುಕೊಂಡು, ಆ ಹಗ್ಗವನ್ನು ತಂದು ಕಯಾಕಿನ ಹಿಂದಿನ ಬಳೆಗೆ ಗಂಟು ಹಾಕಿದೆ. ಭಾವ ತಿರುಗಿ ನೋಡಲೂ ಇಲ್ಲ. ದೋಣಿ ಮೇಲೆ ಒಂದು ಎಳೆ ಬಿದ್ದರೂ ಅವನಿಗೆ ಗೊತ್ತಾಗುತ್ತದೆ.

"ಏನೋ ಅದು ಹಿಂದೆ?"

"ಏನಿಲ್ಲ ಭಾವ. ಮೊದಲ್ನೇ ದಿನ ಅಲ್ವಾ, ಇರ್ಲಿ ಅಂತ..."

"ಮೇಕೆನಾ ನಾನು, ಗೂಟಕ್ಕೆ ಕಟ್ಟಿ ಮೇಯ್ಸೋಕೆ?"

ಕೈ ಹಿಂದಕ್ಕೆ ಚಾಚಿ ಗಂಟು ಬಿಚ್ಚಿದ. ನನ್ನ ಕೈಯಲ್ಲಿದ್ದ ತುದಿಯನ್ನೂ ಸರ್ರನೆ ಎಳೆದುಕೊಂಡು ಸುರುಳಿ ಸುತ್ತಿ ತನ್ನ ಹಿಂದಿನ ಪೆಟ್ಟಿಗೆಗೆ ತುರುಕಿದ. "ಇದು ನನ್ನತ್ರನೇ ಇರ್ಲಿ. ನಿನ್ನ ಕೈಲಿದ್ರೆ ಇನ್ಯಾರ್ನ ಕಟ್ತೀಯೋ," ಎಂದು ಹುಟ್ಟು ಹಾಕಿದ. ಎರಡು ಸಲ ನೀರು ಸೀಳಿದ್ದೇ ತಡ, ಜೊಂಡಿನ ಸಂದಿಯಲ್ಲಿ ಹಳದಿ ಬಣ್ಣ ಮರೆಯಾಯಿತು. ಲೋಟ್ಕಾ ನುಗ್ಗಲಾರದ ಸಂದಿ ಅದು.

ಸ್ವಲ್ಪ ಹೊತ್ತಿಗೆ ಸದ್ದು ಬಂತು. ಗುಳುಂಕ್, ಗುಳುಂಕ್. ಕಾಲು ಹೋದ ಮೇಲೆ ಮೊದಲ ಸಲ. ಲೋಟ್ಕಾದಲ್ಲಿ ಬಗ್ಗಿ ಹೊಡೆಯಬೇಕು, ಕಯಾಕಿನಲ್ಲಿ ನೀರು ಮೊಣಕೈ ಪಕ್ಕದಲ್ಲೇ ಇರುತ್ತದೆ, ಹಾಗಾಗಿ ಸದ್ದು ಮೊದಲಿಗಿಂತ ದುಂಡಗೆ ಬರುತ್ತಿತ್ತು. ಹಾಸಿನ ಮೇಲೆ ಬೆನ್ನು ಚಾಚಿ, ಕಣ್ಣು ಮುಚ್ಚಿ ಕೇಳಿಸಿಕೊಂಡೆ. ಎಷ್ಟು ಸುಖವಾಗಿತ್ತೆಂದರೆ ನಿದ್ದೆ ಹತ್ತಿತು.

ಎಚ್ಚರವಾದದ್ದು ಅಡಿಗೆ ಮುಗಿಸಿ ಬಂದ ಅಕ್ಕನ ಕೂಗಿಗೆ.

"ಲೋ! ಎಲ್ಲಿಗೋ ಹೊರಟೆ?"

ಎದ್ದು ಕೂತೆ. ಬೆಳಿಗ್ಗೆ ಸಮುದ್ರದ ಕಡೆಯಿಂದ ಬೀಸಿ ಹಾಸನ್ನು ದಡಕ್ಕೊತ್ತಿದ್ದ ಗಾಳಿ ತಿರುಗಿಬಿಟ್ಟಿತ್ತು. ಹಲಗೆ ನೀರಿಗೆ ಬಿದ್ದಿತ್ತು. ನಾನು, ನನ್ನ ಟೋಪಿ, ಭಾವನ ಎರಡು ಊರುಗೋಲು ಸರೋವರದ ಮೇಲೆ ಮೆರವಣಿಗೆ ಹೊರಟಿದ್ದೆವು. ದೋಣಿಗಳ ನಡುವೆ ಹುಟ್ಟಿ ಬೆಳೆದರೂ ನನಗೆ ಈಜು ಬಾರದು, ನಮ್ಮಲ್ಲಿ ಅರ್ಧ ಜನಕ್ಕೆ ಬಾರದು.

"ಹಗ್ಗ ಎಲ್ಲೋ?"

"ಭಾವನತ್ರ!"

ಅಕ್ಕನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಮರ ಹಿಡಿದುಕೊಂಡು ನಕ್ಕಳು. "ಮಾಡಿದ್ದುಣ್ಣೋ ಮಹಾರಾಯ! ತಾಳು, ಇಗರ್ಜಿ ಕಡೆಯವರನ್ನ ಕೂಗ್ತೀನಿ."

"ಬ್ಯಾಡ ಕಣೆ ತಾಯಿ! ಅದಕ್ಕಿಂತ ಮುಳುಗಿ ಸಾಯ್ತೀನಿ!"

ಆಗಲೇ ನನಗೆ ತಟ್ಟಿದ್ದು: ಕ್ಲೋಂಕ್ ಸದ್ದು ನಿಂತಿತ್ತು. ಅಕ್ಕನ ನಗುವೂ ನಿಂತಿತು. ಎದುರುಗಾಳಿ, ಒಂಟಿ ಕಾಲು, ಪ್ಲಾಸ್ಟಿಕ್ ಡಬ್ಬ. ಅವನು ಹಿಂತಿರುಗಿ ಬಂದರೂ ಇಳಿಯುವ ಜಾಗವನ್ನು ನಾನೇ ಬಿಚ್ಚಿ ಕಳಿಸಿದ್ದೆ. ನನ್ನನ್ನು ನಾನು ಬೈದುಕೊಂಡ ಬೈಗುಳ ಬರೆಯುವ ಹಾಗಿಲ್ಲ.

ಜೊಂಡು ಅಲುಗಿತು. ಹಳದಿ ಮೂತಿ ಕಂಡಿತು. ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಕಯಾಕಿನ ಅಂಚಿನಿಂದ ಖಾಲಿಯಾಗಿ ನೇತಾಡುತ್ತಿದ್ದ ಪ್ಯಾಂಟಿನ ಕಾಲು. ಮಂಡಿಯೂರಿ ಇಣುಕಿದೆ. ಆಮೇಲೆ ಕಂಡಿತು, ಮರಳಿನ ಕಾಲು ಮಲಗಿದ್ದ ಜಾಗದಲ್ಲಿ ಕಪ್ಪಗೆ, ಉದ್ದಕ್ಕೆ, ಮೀಸೆ ಬಿಟ್ಟುಕೊಂಡು ಮಲಗಿದ್ದ ಸೋಮ್ ಮೀನು.

"ಎರಡೂ ಇಟ್ಕೊಂಡ್ರೆ ಎಡಕ್ಕೆ ವಾಲ್ತಿತ್ತು," ಎಂದ ಭಾವ ದೂರದಿಂದಲೇ, ದಿನಾ ಆಡುವ ಮಾತಿನ ಹಾಗೆ. "ಮರಳು ಸುರಿದುಬಿಟ್ಟೆ. ಕಾಲಿನಷ್ಟೇ ತೂಗ್ತಾನೆ ಇವ್ನು." ನನ್ನನ್ನು ನೋಡಿದ, ದಡವನ್ನು ನೋಡಿದ, ನೀರಲ್ಲಿ ತೇಲುತ್ತಿದ್ದ ಹಲಗೆಯನ್ನು ನೋಡಿದ. ಎಲ್ಲ ಅರ್ಥವಾಯಿತು ಅವನಿಗೆ. ನಗಲಿಲ್ಲ. ಒದ್ದೆ ಬೆರಳಲ್ಲಿ ಗಡ್ಡ ಬಾಚಿಕೊಂಡ. ಪೆಟ್ಟಿಗೆಗೆ ಕೈಹಾಕಿ ಹಗ್ಗದ ಒಂದು ತುದಿಯನ್ನು ನನ್ನತ್ತ ಎಸೆದ.

"ಎಲ್ಲಿ ಕಟ್ಲಿ ಭಾವ? ಇಲ್ಲಿ ಗೂಟ ಇಲ್ಲ."

"ಸೊಂಟಕ್ಕೆ."

ಕಟ್ಟಿಕೊಂಡೆ. ದಡದಿಂದ ಅಕ್ಕ "ಮ್ಯಾ" ಎಂದಳು.

ಇನ್ನೊಂದು ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಅವನು ಗಾಳಿಗೆದುರಾಗಿ ಹುಟ್ಟು ಹಾಕಿದ. ಆ ತೋಳುಗಳನ್ನು ನಾನು ಎಷ್ಟೋ ವರ್ಷದಿಂದ ನೋಡಿದ್ದೇನೆ, ಅವತ್ತಿನ ಹಾಗೆ ಎಂದೂ ನೋಡಿರಲಿಲ್ಲ. ಅಲೆ ಮೂತಿಗೆ ಬಡಿಯುತ್ತಿತ್ತು, ಅವನು ಅಲೆಯ ಸಂದು ನೋಡಿಕೊಂಡು ಒಂದೊಂದೇ ಮಾರು ಗೆಲ್ಲುತ್ತಿದ್ದ. ವಿಲೋ ಮರದ ಬೇರಿಗೆ ಕೂತಲ್ಲಿಂದಲೇ ಹಗ್ಗ ಬಿಗಿದ. ಆಮೇಲೆ ತಿರುಗಿ ಬಂದು ಕಯಾಕಿನ ಮೂತಿಯನ್ನು ಹಾಸಿನ ಅಂಚಿಗೆ ಒತ್ತಿ ಹಿಂದಿನಿಂದ ತಳ್ಳಿದ. ನಾನು ಹಗ್ಗ ಎಳೆದೆ, ಅವನು ತಳ್ಳಿದ. ಅಂಗೈ ಸುಲಿಯಿತು. ಸುಳ್ಳೇಕೆ, ಅಷ್ಟು ಹೆಮ್ಮೆಯಿಂದ ನಾನು ಯಾವ ಕೆಲಸವನ್ನೂ ಮಾಡಿಲ್ಲ.

ಹಾಸು ದಡಕ್ಕೆ ತಾಗಿತು. ಭಾವ ಅಂಚಿಗೆ ಬಂದು, ಅಂಗೈ ಊರಿ, ಬೆಳಿಗ್ಗೆ ಇಳಿದ ಹಾಗೆಯೇ ಮೇಲಕ್ಕೆ ಜಾರಿಕೊಂಡ. ನಾನು ಕೈ ಚಾಚಲಿಲ್ಲ. ಅಕ್ಕ ಮೀನನ್ನು ನೋಡಿದಳು, ಖಾಲಿ ಪ್ಯಾಂಟಿನ ಕಾಲನ್ನು ಹಿಂಡಿ ಹೆಗಲಿಗೆ ಹಾಕಿಕೊಂಡಳು, ಆಮೇಲೆ ಗಂಡನ ಮುಖ ನೋಡುತ್ತ ನಿಂತಳು. ಎಷ್ಟೋ ದಿನದಿಂದ ಆ ಮುಖ ಕಾಣೆಯಾಗಿತ್ತು.

"ಏನ್ ತಂದೆ?" ಎಂದಳು, ಮೊದಲೆಲ್ಲ ಕೇಳುತ್ತಿದ್ದ ಹಾಗೆ.

ಭಾವ ನನ್ನ ಸೊಂಟದ ಹಗ್ಗವನ್ನು ಒಮ್ಮೆ ಜಗ್ಗಿದ.

"ಒಂದು ಸೋಮ್," ಎಂದ. "ಒಂದು ಹಿಟ್ಟಿನ ಮೂಟೆ. ನೆನೆದೈತೆ, ಜ್ವಾಪಾನವಾಗಿ ಇಳಿಸ್ಕೊ."