ಅತ್ತೆ ದುಡಿದ ನಾಣ್ಯ

ನಮ್ಮ ಲಾಂಡ್ರಿಯಲ್ಲಿ ಕೂರುವ ಹಾಗಿಲ್ಲ. ಕುರ್ಚಿ ಇಲ್ಲವೆಂದಲ್ಲ, ಒಂದಿದೆ, ಅದರ ಮೇಲೆ ಮೇಲ್ವಿಚಾರಕ ಕೂರುತ್ತಾನೆ. ಹೋಟೆಲುಗಳ ಚಾದರ, ದಿಂಬಿನ ಚೀಲ ಒಗೆದು ಇಸ್ತ್ರಿ ಮಾಡುವ ಜಾಗ ಅದು. ಒದ್ದೆ ಚಾದರದ ಒಂದು ತುದಿ ನಾನು, ಇನ್ನೊಂದು ತುದಿ ಇನ್ನೊಬ್ಬಳು ಹಿಡಿದು ಬಿಸಿ ಉರುಳೆಯ ಬಾಯಿಗೆ ಕೊಡಬೇಕು. ಆ ಉರುಳೆಗೆ ಹೊಟ್ಟೆ ತುಂಬಿದ್ದನ್ನು ನಾನು ಕಂಡಿಲ್ಲ. ಸಂಜೆ ಮನೆ ಸೇರುವಷ್ಟರಲ್ಲಿ ಕಾಲು ಊದಿಕೊಂಡು ಚಪ್ಪಲಿಯಿಂದ ಹೊರಗೆ ಬರುವುದಕ್ಕೂ ಹಟ ಮಾಡುತ್ತದೆ.

ಮನೆಯಲ್ಲಿ ಹೊಲಿಗೆ ಮಷೀನು ಇದೆ. ನಾನು ಚೆನ್ನಾಗಿ ಹೊಲಿಯುತ್ತೇನೆ. ನಾನೇ ಹೇಳಿಕೊಳ್ಳಬೇಕು, ಹೇಳುವವರು ಬೇರೆ ಯಾರಿದ್ದಾರೆ? ಆದರೆ ಅದು ಕಾಲಲ್ಲಿ ತುಳಿಯುವ ಮಷೀನು, ಈ ಕಾಲಲ್ಲಿ ತುಳಿದರೆ ಜೀವ ಹೋಗುತ್ತದೆ. ಒಂದು ಸಣ್ಣ ಮೋಟರು ಕೂರಿಸಿಬಿಟ್ಟರೆ ತುಳಿಯುವ ಗೋಳಿಲ್ಲ. ಮನೆಯಲ್ಲೇ ಕೂತು ಹೊಲಿದು, ಲಾಂಡ್ರಿಗೆ ಎಳ್ಳುನೀರು ಬಿಡಬಹುದು. ಅದಕ್ಕೆಂದು ತೆಗೆದಿಟ್ಟ ದುಡ್ಡು ಪ್ರತಿ ಸಲವೂ ಬಾಡಿಗೆಗೋ ಔಷಧಿಗೋ ಹೋಗುತ್ತಿತ್ತು. ಗಂಡ ದೂರದೂರಿಗೆ ಲಾರಿ ಓಡಿಸುತ್ತಾನೆ, ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ಅವನು ಕಳಿಸುವ ಹಣವೂ ಅವನ ಲಾರಿಯ ಹಾಗೆಯೇ, ಯಾವಾಗ ಬಂದು ತಲುಪುತ್ತದೋ ಹೇಳಲಾಗದು.

ಚಾದರದ ಇನ್ನೊಂದು ತುದಿ ಹಿಡಿಯುವವಳು ಗಡಿಬಿಡಿ ಅಕ್ಕ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಆ್ಯಪಿನ ಸುದ್ದಿ ತಂದದ್ದು ಅವಳೇ.

"ಗೇಮ್ ಆಡಿದ್ರೆ ದುಡ್ಡು ಕೊಡ್ತಾರಂತೆ ಕಣೇ."

"ಯಾಕೆ, ಅವರಿಗೇನು ತಲೆ ಕೆಟ್ಟಿದ್ಯಾ?"

"ನಾವು ಜಾಹೀರಾತು ನೋಡ್ತೀವಲ್ಲ, ಅದಕ್ಕೆ."

ಪೂರ್ತಿ ನಂಬಿದೆ ಅನ್ನಲಾರೆ. ಆದರೆ ಮೈ ದಣಿದಿರುವಾಗ ಅನುಮಾನ ಪಡುವುದಕ್ಕೂ ಶಕ್ತಿ ಬೇಕು. ಹಳೇ ಫೋನೊಂದು ಮನೆಯಲ್ಲಿ ಬಿದ್ದಿತ್ತು, ಅದರಲ್ಲಿ ಹಾಕಿಕೊಂಡೆ. ನಾಲ್ಕು ದಿನ ಆಡಿದೆ, ಐದನೇ ದಿನ ಫೋನು ಎದೆಯ ಮೇಲಿಟ್ಟುಕೊಂಡು ನಿದ್ದೆ ಹೋದೆ. ಎದ್ದಾಗ ಅತ್ತೆ ಅದನ್ನು ಎತ್ತಿಕೊಂಡು ಕೂತಿದ್ದರು.

ಪರದೆಯ ಮೇಲೆ ಬಣ್ಣಬಣ್ಣದ ಹಣ್ಣು. ಒಂದೇ ಜಾತಿಯ ಮೂರನ್ನು ಸಾಲಿಗೆ ತಂದರೆ ಅವು ಒಡೆದು ನಾಣ್ಯ ಉದುರುತ್ತದೆ. ಅತ್ತೆ ಮಂಡಿ ನೋವಿಗೆ ಮೂಲೆ ಹಿಡಿಯುವ ತನಕ ಹಣ್ಣಿನ ಗೋದಾಮಿನಲ್ಲಿ ಹಣ್ಣು ವಿಂಗಡಿಸುತ್ತಿದ್ದವರು. ಅವರ ಬೆರಳು ನನ್ನ ಕಣ್ಣಿಗಿಂತ ಚುರುಕಾಗಿತ್ತು. "ಒಂದೂ ಕೊಳೆತಿಲ್ಲ ನೋಡು, ಇದೆಂಥಾ ಗೋದಾಮು!" ಎಂದು ಬೈದುಕೊಂಡೇ ಆಡುತ್ತಿದ್ದರು. ಜಾಹೀರಾತು ಬಂದರೆ ಮಧ್ಯದಲ್ಲಿ ಮುಚ್ಚುತ್ತಿರಲಿಲ್ಲ. ಮಾತಾಡುತ್ತಿರುವವರನ್ನು ಬಿಟ್ಟು ಎದ್ದು ಹೋಗುವುದು ಮರ್ಯಾದೆಯಲ್ಲವಂತೆ.

ಪರದೆಯ ಮೂಲೆಯಲ್ಲಿ ಒಂದು ಗಾಜಿನ ಭರಣಿ. ನಾಣ್ಯದಿಂದ ಅದು ತುಂಬಿದರೆ ದುಡ್ಡು ಬರುತ್ತದೆ. ಮೋಟರಿಗೆ ಸಾಲುವಷ್ಟಲ್ಲದಿದ್ದರೂ ಮೊದಲ ಕಂತಿಗೆ ಆಗುವಷ್ಟು. ಇನ್ನೊಂದು ಮೂಲೆಯಲ್ಲಿ ಪುಟ್ಟ ಮನೆ, ಮುಂದೆ ಖಾಲಿ ಅಂಗಳ. ಅದಕ್ಕೆ ಬೇಕಾದ ಸಾಮಾನನ್ನು ಅದೇ ನಾಣ್ಯದಲ್ಲಿ ಕೊಳ್ಳಬಹುದು. "ಆ ಮನೆ ಕಡೆ ಕೈ ಹಾಕಬೇಡಿ ಅತ್ತೆ, ಭರಣಿ ಖಾಲಿ ಆಗುತ್ತೆ," ಎಂದು ಹೇಳಿದ್ದೆ.

ಮೊದಮೊದಲು ಭರಣಿ ಸರಸರ ತುಂಬಿತು. ಮುಕ್ಕಾಲು ಆದಮೇಲೆ ಒಂದೊಂದು ನಾಣ್ಯಕ್ಕೂ ಗೋಗರೆಯುವ ಹಾಗಾಯಿತು. ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಅತ್ತೆ ಮಾತ್ರ ಬಿಡಲಿಲ್ಲ. ಬೆಳಿಗ್ಗೆ ಮುಖ ತೊಳೆದು, ತಲೆ ಬಾಚಿ, ಕಿಟಕಿ ಪಕ್ಕ ಕೂತರೆಂದರೆ ಕೆಲಸಕ್ಕೆ ಹೋದವರ ಹಾಗೆಯೇ. ಫೋನಿನಲ್ಲಿ ಮಗ ಹೇಗಿದ್ದೀಯ ಎಂದು ಕೇಳಿದರೆ, "ಬಿಡುವಿಲ್ಲಪ್ಪಾ," ಎನ್ನುತ್ತಿದ್ದರು. ನನಗೆ ನಗು ಬರುತ್ತಿತ್ತು. ಸಂಜೆ ನಾನು ಬಾಗಿಲಲ್ಲಿ ಕಾಣಿಸಿದರೆ ಸಾಕು, ಭರಣಿ ತೋರಿಸುತ್ತಿದ್ದರು.

ಇವತ್ತು ಗಡಿಬಿಡಿ ಅಕ್ಕ ಗಡಿಬಿಡಿ ಮಾಡಲಿಲ್ಲ. ಚಾದರ ಎರಡು ಸಲ ಸೊಟ್ಟಗೆ ಹೋಗಿ ಉರುಳೆಯಲ್ಲಿ ಮುದುರಿಕೊಂಡಿತು. ಮೇಲ್ವಿಚಾರಕ ಕುರ್ಚಿಯಲ್ಲಿ ಕೂತೇ ಕೂಗಾಡಿದ.

"ಏನಾಯ್ತೇ ನಿಂಗೆ?" ಎಂದೆ.

"ನನ್ನ ಭರಣಿ ತುಂಬಿತ್ತು ಕಣೇ. ದುಡ್ಡು ಕಳಿಸಿ ಅಂತ ಒತ್ತಿದೆ. ಪರಿಶೀಲನೆ ನಡೀತಿದೆ ಅಂತ ಬಂತು. ಇವತ್ತು ನೋಡಿದ್ರೆ ಖಾತೆನೇ ಮುಚ್ಚಿದ್ದಾರೆ. ನಿಯಮ ಮುರಿದಿದ್ದೀನಂತೆ."

"ಯಾವ ನಿಯಮ?"

"ಅದನ್ನ ಹೇಳಲ್ಲ." ಅವಳು ಚಾದರದ ಅಂಚು ಕೊಡವಿದಳು. "ಮಡಿಸೋ ವಿಭಾಗದವರನ್ನೆಲ್ಲಾ ಕೇಳಿದೆ. ಎಲ್ಲರದ್ದೂ ಇದೇ ಕಥೆ. ಒಬ್ಬಳಿಗೆ ಬಸ್ ಚಾರ್ಜಿನಷ್ಟು ಬಂತಂತೆ, ಅದೂ ಶುರುವಲ್ಲಿ, ನಂಬಿಸೋಕೆ."

ನಾವು ನೋಡಿದ ಜಾಹೀರಾತಿನ ದುಡ್ಡು ಅವರಿಗೆ ಸಿಕ್ಕಿತು. ನಮಗೆ ಸಿಕ್ಕಿದ್ದು ಟಣಟಣ ಸದ್ದು. ನಮ್ಮಂಥವರ ಬಿಡುವನ್ನೂ ಬಿಡದೆ ಹಿಂಡಿಕೊಂಡರಲ್ಲ ಎಂದು ಬಸ್ಸಿನುದ್ದಕ್ಕೂ ಬೈದುಕೊಂಡೆ. ಆಮೇಲೆ ಅತ್ತೆಯ ನೆನಪಾಗಿ ಬೈಗುಳ ನಿಂತಿತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆಡಿದವರಿಗೆ ಇದನ್ನು ಹೇಗೆ ಹೇಳುವುದು?

ಬಾಗಿಲು ತೆರೆದಾಗ ಅತ್ತೆ ಭರಣಿ ತೋರಿಸಲಿಲ್ಲ. ಫೋನು ಸೆರಗಿನಡಿ ಇತ್ತು. ಮಧ್ಯಾಹ್ನದ ಊಟ ಮುಚ್ಚಿಟ್ಟ ಹಾಗೆಯೇ ಇತ್ತು.

"ಹುಷಾರಿಲ್ವಾ ಅತ್ತೆ?"

"ನಿನ್ನ ಮೋಟರು ತಿಂದ್ಬಿಟ್ಟೆ ಕಣೇ," ಎಂದವರೇ ಅಳತೊಡಗಿದರು. ಅತ್ತೆ ಅಳುವವರಲ್ಲ. ಮಾವ ಹೋದಾಗಲೂ ಬಂದವರಿಗೆಲ್ಲ ತಾವೇ ಸಮಾಧಾನ ಹೇಳಿದವರು.

ಫೋನು ಇಸಿದುಕೊಂಡು ನೋಡಿದೆ. ಭರಣಿಯ ತಳದಲ್ಲಿ ಒಂದು ನಾಣ್ಯವೂ ಇರಲಿಲ್ಲ. ಪುಟ್ಟ ಮನೆಯ ಅಂಗಳದಲ್ಲಿ ಒಂದು ಹಸಿರು ಬೆಂಚು ನಿಂತಿತ್ತು.

"ನೀನು ಇಡೀ ದಿನ ನಿಂತಿರ್ತೀಯಲ್ಲ," ಅತ್ತೆ ಮೂಗು ಒರೆಸಿಕೊಂಡರು. "ಬೆಂಚು ಕಾಣಿಸ್ತು. ನಿನಗೆ ಇರ್ಲಿ ಅಂತ ಒತ್ತಿದೆ. ಒಂಚೂರು ತಗೊಳ್ಳುತ್ತೆ ಅನ್ಕೊಂಡೆ. ಎಲ್ಲಾ ತಗೊಂಡ್ಬಿಡ್ತು."

ಬಸ್ಸಿನಿಂದ ಹೊತ್ತು ತಂದ ಮಾತು ಬಾಯಿಗೆ ಬಂದೇಬಿಟ್ಟಿತು. "ಅಳಬೇಡಿ ಅತ್ತೆ. ಅದು ಮೋಸದ ಆ್ಯಪು. ಭರಣಿ ತುಂಬಿದ್ರೂ ದುಡ್ಡು ಕೊಡ್ತಿರಲಿಲ್ಲ. ನೀವು ಏನೂ ಕಳೀಲಿಲ್ಲ."

ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಅಳುವೇನೋ ನಿಂತಿತು. ಆದರೆ ಅವರ ಮುಖ ನೋಡಿ, ಅಳುತ್ತಿದ್ದರೇ ವಾಸಿಯಿತ್ತು ಅನಿಸಿತು. ಅತ್ತೆ ತಮ್ಮ ಬೆರಳುಗಳನ್ನು ನೋಡಿಕೊಂಡರು.

"ಹಾಗಾದ್ರೆ ನಾನು ಇಷ್ಟು ದಿನ ಮಾಡಿದ್ದು ಕೆಲಸ ಅಲ್ವಾ?"

ನಾನು ಮುಚ್ಚಿಟ್ಟಿದ್ದ ಊಟವನ್ನು ಅವರ ಹತ್ತಿರ ತಂದಿಟ್ಟೆ.

"ನಾಳೆಯಿಂದ ನಾನೇನ್ ಮಾಡ್ಲಿ?" ಜಗಳದ ದನಿಯಲ್ಲಿ ಕೇಳಿದ್ದರೆ ಜಗಳವಾಡಬಹುದಿತ್ತು. ದಾರಿ ತಪ್ಪಿದವರು ದಾರಿ ಕೇಳುವ ಹಾಗೆ ಕೇಳಿದರು.

ನನಗೆ ಸುಸ್ತಾಗಿತ್ತು. ಸುಳ್ಳು ಹೇಳಲೂ ಆಗದಷ್ಟು, ಸತ್ಯವನ್ನು ಎತ್ತಿ ಹಿಡಿದುಕೊಂಡು ನಿಲ್ಲಲೂ ಆಗದಷ್ಟು. ಅವರ ಪಕ್ಕದಲ್ಲಿ ನೆಲದ ಮೇಲೆ ಕಾಲು ಚಾಚಿ ಕೂತೆ. ಮೂಲೆಯಲ್ಲಿ ಬಟ್ಟೆ ಹೊದ್ದ ಮಷೀನಿನ ಕಡೆ ಇಬ್ಬರೂ ನೋಡಲಿಲ್ಲ. ಪರದೆಯ ಅಂಗಳದಲ್ಲಿ ಆ ಬೆಂಚು ಬಟಾಬಯಲಲ್ಲಿ ಒಂಟಿಯಾಗಿ ನಿಂತಿತ್ತು. ನನಗಾಗಿ ಯಾರಾದರೂ ಕೊಂಡ ಬೆಂಚು ಅಂದರೆ ಅದೊಂದೇ.

"ಬೆಂಚು ಚೆನ್ನಾಗಿದೆ ಅತ್ತೆ," ಎಂದೆ. "ಆದ್ರೆ ಅಲ್ಲಿ ನೆರಳಿಲ್ಲ. ಬಿಸಿಲಲ್ಲಿ ಹೇಗೆ ಕೂರ್ಲಿ? ಒಂದು ಮರ ತಗೊಳ್ಳಿ."

ಅತ್ತೆ ನನ್ನ ಮುಖವನ್ನೇ ನೋಡಿದರು. ಅವರೇನು ದಡ್ಡರಲ್ಲ. ಆಮೇಲೆ ಫೋನಿಗೆ ಕೈ ಚಾಚಿದರು.

"ಮರ ಬೆಂಚಿಗಿಂತ ದುಬಾರಿ ಕಣೇ. ತುಂಬಾ ದಿನ ಹಿಡಿಯುತ್ತೆ."

"ಹಿಡೀಲಿ ಬಿಡಿ," ಎಂದೆ. "ನಾನೆಲ್ಲಿಗೆ ಹೋಗ್ತೀನಿ, ಲಾಂಡ್ರಿಗೆ ತಾನೇ."