ಉಂಡು ಮಲಗುವ ಮೇಜು

ಕಿರ್ರ್ — ಸ್ಕ್ರೂ ತಿರುಗಿದರೆ ಹಲ್ಲು ಜುಮ್ಮೆನ್ನುತ್ತದೆ, ಹಲ್ಲಿಗೂ ಸ್ಕ್ರೂಗೂ ಅದೇನು ನಂಟೋ, ಗಂಡ ಹೆಂಡಿರ ಜಗಳ ಉಂಡು ಮಲಗೋ ಮೇಜಿನ ತನಕ, ಹೀಗೊಂದು ಗಾದೆ ಇಲ್ಲವಾದರೆ ಇವತ್ತಿನಿಂದ ಇದೆ, ಗಾದೆ ಸುಳ್ಳಾದರೂ ಈ ಕಥೆ ಸುಳ್ಳಾಗದು ಮಕ್ಕಳೇ — ಎಂದು ಅವಳು ಕಾರ್ಟೂನಿನ ಅಜ್ಜನ ದನಿಯಲ್ಲಿ ಯಾರಿಗೂ ಅಲ್ಲದೆ ಹೇಳಿ ಇನ್ನೊಂದು ಸುತ್ತು ತಿರುಗಿಸಿದಳು, ಕಿರ್ರ್, ಸ್ಕ್ರೂ ಕಳಚಿ ಉರುಳುತ್ತ ಬಾಗಿಲ ಕಡೆಗೇ ಹೋಯಿತು, ಮನೆಗಾಡಿ ನಿಂತ ಜಾಗ ಸ್ವಲ್ಪ ಇಳಿಜಾರು, ಹೋಗಲಿ ಬಿಡು, ಚಕ್ರದ ಮೇಲಿನ ಸಂಸಾರದಲ್ಲಿ ಯಾವುದು ತಾನೇ ಒಂದು ಕಡೆ ನಿಂತೀತು, ಅವನ ಮೇಜೊಂದನ್ನು ಬಿಟ್ಟು. ಅವನ ಮೇಜು — ನೋಡಿದೆಯಾ, ಬಾಯಿಗೆ ಹಾಗೇ ಬರುತ್ತದೆ, ಯಾರು ಬರೆದುಕೊಟ್ಟರು ಅವನಿಗೆ? ಎದುರು ಬದುರು ಎರಡು ಬೆಂಚು, ನಡುವೆ ಒಂಟಿ ಕಾಲಿನ ಊಟದ ಮೇಜು, ಕಾಲು ಕೂರುವುದಕ್ಕೆ ನೆಲದಲ್ಲಿ ಒಂದು ಉಕ್ಕಿನ ಬಳೆ, ಅದರೊಳಗೆ ದುಂಡನೆಯ ತೂತು. ಗಾಡಿ ಕೊಂಡ ದಿನ ಅವನೇ ಬೆಂಚಿನ ಮೇಲೆ ಕುಣಿದು ಹೇಳಿದ್ದ, ಇಲ್ಲಿ ನೀನು, ಇಲ್ಲಿ ನಾನು, ಎದುರೆದುರು ಕೂತು ಕೆಲಸ ಮಾಡೋಣ, ಊರೂರು ಸುತ್ತೋಣ. ಊರೂರು ಸುತ್ತಿದ್ದಾಯಿತು. ಬೆಳಗಿನ ತಟ್ಟೆ ಎತ್ತಿ ಅವಳ ಕೈ ಒದ್ದೆ ಆರುವಷ್ಟರಲ್ಲಿ ಮೇಜಿನ ಈ ಅಂಚಿನಿಂದ ಆ ಅಂಚಿನವರೆಗೆ ನಕ್ಷೆಯ ಹಾಳೆ ಹರಡಿರುತ್ತದೆ, ಹಾಳೆಯ ಮೂಲೆಗೆ ಉಪ್ಪಿನ ಡಬ್ಬಿ, ಇನ್ನೊಂದು ಮೂಲೆಗೆ ಅವಳದೇ ಹೆಡ್‌ಫೋನು. ಊರವರಿಗೆಲ್ಲ ಮನೆ ನಕ್ಷೆ ಬರೆಯುವವನು, ಗಂಡಸಿಗೊಂದು ಓದುವ ಕೋಣೆ, ಹೆಂಗಸಿಗೊಂದು ಹೊಲಿಯುವ ಕೋಣೆ, ನಾಯಿಗೂ ಒಂದು ಕೋಣೆ ಹಾಕಿಕೊಡುತ್ತಾನೆ, ಸ್ವಲ್ಪ ಸರಿಯೋ, ನಾನೂ ಕೂರ್ತೀನಿ ಅಂದರೆ ಮಾತ್ರ ತಲೆ ಎತ್ತದೆ, ಐದೇ ನಿಮಿಷ. ಆ ಐದು ನಿಮಿಷಕ್ಕೆ ಸೂರ್ಯ ಮುಳುಗಿದ ಮೇಲೂ ವಯಸ್ಸಾಗುವುದಿಲ್ಲ.

ಅವಳ ಕೆಲಸ ಕಂಠದಾನ, ಕಾರ್ಟೂನುಗಳಿಗೆ, ಬೆಕ್ಕು, ರಾಜಕುಮಾರಿ, ಕೆಮ್ಮುವ ಡ್ರ್ಯಾಗನ್, ಕಂಠ ಎಷ್ಟು ದಾನ ಮಾಡಿದರೂ ಅವಳಿಗೆ ಯಾರೂ ಅರ್ಧ ಮೇಜು ದಾನ ಮಾಡಲಿಲ್ಲ, ಮೈಕು ಎತ್ತಿಕೊಂಡು ಕಕ್ಕಸಿನ ಗೂಡಿಗೆ ಹೋಗುತ್ತಾಳೆ, ಮುಚ್ಚಳ ಹಾಕಿ ಅದರ ಮೇಲೆ ಕೂತು, ಬಾಗಿಲಿಗೆ ಟವೆಲ್ ಇಳಿಬಿಟ್ಟು, ಮೊಣಕಾಲು ಸಿಂಕಿಗೆ ತಗಲದಂತೆ ಮುದುರಿಕೊಂಡು, ಈ ಅರಮನೆಯೆಲ್ಲ ನನ್ನದೇ ಎಂದು ರಾಜಕುಮಾರಿಯಾಗಿ ಘೋಷಿಸುತ್ತಾಳೆ, ಆಗಲೇ ಹೊರಗಿನಿಂದ ಬಾಗಿಲು ಬಡಿತ, ಅರ್ಜೆಂಟು ಕಣೇ. ನಗು ಬರಬಾರದು, ಬಂದರೆ ಸಿಟ್ಟು ಆರಿಹೋಗುತ್ತದೆ. ಸಿಟ್ಟು ಇವತ್ತು ಬೇಕು, ಗರಗಸ ಹಿಡಿಯುವುದಕ್ಕೆ ಸಿಟ್ಟಿಗಿಂತ ಒಳ್ಳೆ ಎಣ್ಣೆ ಇಲ್ಲ — ಹಲಗೆಯನ್ನು ನಡುವೆ ಕೊಯ್ದಾಗಿದೆ, ಎರಡು ತುಂಡು, ಒಂದಕ್ಕೆ ಕಿಟಕಿಯ ಕೆಳಗೆ ಮಡಚುವ ಕೀಲು, ಇನ್ನೊಂದಕ್ಕೆ ಬೀರುವಿನ ಪಕ್ಕ, ಬೆನ್ನಿಗೆ ಬೆನ್ನು ಹಾಕಿ ಕೂತರೆ ಇಬ್ಬರೂ ಒಂದೇ ಹೊತ್ತಿಗೆ ದುಡಿಯಬಹುದು, ನಕ್ಷೆ ಅವಳೇ ಬರೆದಳು, ಅವನದೇ ಪೆನ್ಸಿಲಿನಲ್ಲಿ. ಕೇಳದೆ ಕೊಯ್ದಳು ಅನ್ನುವಂತಿಲ್ಲ, ಒಪ್ಪಿಗೆ ಇದೆ, ನಿನ್ನೆಯೇ ಕೊಟ್ಟಿದ್ದಾನೆ. ಕೊಟ್ಟದ್ದು ಯಾರಿಗೆ ಅನ್ನುವುದು ಬೇರೆ ಮಾತು.

ನಿನ್ನೆ. ಬಟ್ಟೆ ಒಗೆಯುವ ಅಂಗಡಿ, ಯಂತ್ರಗಳ ಗಡಗಡ, ಅಲ್ಲಿಯ ಹೆಂಗಸು ಕೊಟ್ಟ ಫೋನಿನಿಂದ ಅವನಿಗೆ ಕರೆ. ಅತ್ತೆಯ ಫೋನಿಗೆ ಎಂದೂ ಚಾರ್ಜಿರುವುದಿಲ್ಲ, ಪಕ್ಕದ ಮನೆಯಿಂದ, ಔಷಧಿ ಅಂಗಡಿಯಿಂದ, ಸಿಕ್ಕ ಸಿಕ್ಕವರ ಕೈಯಿಂದ ಇಸಿದುಕೊಂಡು ಮಾಡುತ್ತಾರೆ, ಗೊತ್ತಿಲ್ಲದ ನಂಬರು ಅಂದರೆ ಅಮ್ಮನೇ ಎಂದು ಎತ್ತುವುದು ಅವನಿಗೆ ರೂಢಿ. ಎತ್ತಿದ. ಅವಳು ಗಂಟಲು ಕೆರೆದಳು, ಅತ್ತೆ ಹೆಡ್‌ಮಿಸ್ಟ್ರೆಸ್ ಆಗಿದ್ದವರು, ಮೊದಲು ಒಂದು ಕೆಮ್ಮು, ಆಮೇಲೆ ಅಪ್ಪಣೆ — ಏನಪ್ಪಾ, ಆ ಹುಡುಗೀನ ಕಕ್ಕಸಲ್ಲಿ ಕೂರಿಸಿದ್ದೀಯಂತೆ? ನಾಚಿಕೆ ಆಗಲ್ವಾ? ಮೇಜಲ್ಲಿ ಅರ್ಧ ಅವಳಿಗೆ ಬಿಟ್ಟುಕೊಡು, ಹೇಗೆ ಬೇಕೋ ಹಾಗೆ ಮಾಡ್ಕೊಳ್ಳಲಿ, ಹೇಳಿದ್ದು ಕಿವಿಗೆ ಬಿತ್ತೋ ಕಾಲಿಗೆ ಬಿತ್ತೋ? ಬರೀ ತಮಾಷೆಗೆ. ಎರಡು ಮಾತಿಗೇ ಹಿಡಿದುಬಿಡುತ್ತಾನೆ, ಏಯ್ ಮಂಗ, ನೀನಾ ಎಂದು ನಗುತ್ತಾನೆ ಅಂದುಕೊಂಡಿದ್ದಳು. ಅವನು ನಗಲಿಲ್ಲ. ಆಯ್ತಮ್ಮ, ಅಂದ. ಬಿಟ್ಟುಕೊಡ್ತೀನಮ್ಮ. ಒಂದು ಐದೇ ನಿಮಿಷವಿಲ್ಲ, ಒಂದು ನೋಡೋಣವಿಲ್ಲ. ಯಂತ್ರದ ದುಂಡು ಬಾಯಿಯೊಳಗೆ ಅವನ ಅಂಗಿಯೂ ಅವಳ ಅಂಗಿಯೂ ತಿರುಚಿಕೊಂಡು ಸುತ್ತುತ್ತಿದ್ದವು, ಅವಳು ಇನ್ನೊಬ್ಬರ ಫೋನು ಹಿಡಿದು ನಿಂತೇ ಇದ್ದಳು, ಗೆದ್ದದ್ದು ಯಾರು, ನಾನೋ ಅತ್ತೆಯ ದನಿಯೋ, ಬೆಕ್ಕು ಕೇಳಿದ್ದರೂ ಕೊಡುತ್ತಿದ್ದನೋ ಏನೋ, ಡ್ರ್ಯಾಗನ್ ಕೇಳಿದ್ದರೂ — ನಾನು ಕೇಳಿದರೆ ಮಾತ್ರ ಇಲ್ಲ. ಇರಲಿ, ಕದ್ದ ದನಿಯಾದರೇನು, ಮೇಜು ನಿಜದ್ದು.

ಕೊನೆಯ ಸ್ಕ್ರೂ ಬಂತು, ಕಾಲನ್ನು ತಿರುಚಿ ಎಳೆದಳು, ಪುಳಕ್ಕನೆ ಮೇಲೆ ಬಂತು, ನೆಲದಲ್ಲಿ ಉಕ್ಕಿನ ಬಳೆ ಉಳಿಯಿತು, ನಡುವೆ ತೂತು, ದುಂಡಗೆ, ಕಪ್ಪಗೆ. ಕೈ ತನ್ನಷ್ಟಕ್ಕೆ ಮುಂದಿನ ಕೆಲಸಕ್ಕೆ ಚಾಚಿತು — ಕಾಲು ಕಿತ್ತ ಮೇಲೆ ಹಲಗೆಯನ್ನು ಬೆಂಚುಗಳ ನಡುವೆ ಇಳಿಸಬೇಕು, ಒರಗುದಿಂಬುಗಳನ್ನು ಹಾಸಬೇಕು, ಮೇಲೆ ಹೂವಿನ ಹೊದಿಕೆ — ಕೈ ಗಾಳಿಯಲ್ಲೇ ನಿಂತಿತು. ಅಯ್ಯೋ. ಹಾಸಿಗೆ. ಅತ್ತೆ ಬಂದಾಗ ಮಲಗುವುದು ಇದರ ಮೇಲೆ, ಹಗಲು ಮೇಜು, ರಾತ್ರಿ ಅತ್ತೆಯ ಮಂಚ, ನಾಳಿದ್ದು ಬರುತ್ತಾರೆ, ಮಂಚ ಎರಡು ತುಂಡಾಗಿ ಒಂದು ಕಿಟಕಿಯ ಬುಡದಲ್ಲಿ, ಒಂದು ಬೀರುವಿಗೆ ಒರಗಿ. ಗಾದೆ ಮಾಡಿದವಳೇ ಗಾದೆಯ ಬಾಲ ಮರೆತಳು, ಉಂಡು ಮಲಗೋ, ಉಂಡು ಸರಿ, ಮಲಗೋ? ಅಂಟು ಹಾಕಿದರೆ? ಥೂ, ಅಂಟು ಹಾಕಿದರೆ ಮತ್ತೆ ಕಕ್ಕಸು, ಮತ್ತೆ ಮೊಣಕಾಲು, ಅರ್ಜೆಂಟು ಕಣೇ. ಹಾಕುವುದಿಲ್ಲ. ಏನೇ ಆಗಲಿ, ಹಾಕುವುದಿಲ್ಲ.

ಫೋನು ಗುಂಯ್‌ಗುಟ್ಟಿತು, ಗೊತ್ತಿಲ್ಲದ ನಂಬರು, ಕೈಯೆಲ್ಲ ಮರದ ಹುಡಿ, ಮೂಗಿನ ತುದಿಯಿಂದ ಸ್ಪೀಕರ್ ಒತ್ತಿದಳು. ಮೊದಲು ಒಂದು ಕೆಮ್ಮು. ಏನಮ್ಮಾ, ನಿನ್ನೆ ನಾನು ಫೋನ್ ಮಾಡಿದ್ನಂತೆ? ನಿನ್ನ ಗಂಡ ಈಗ ನೀರು ತುಂಬೋ ಕಡೆಯಿಂದ ಮಾಡಿದ್ದ, ಅಮ್ಮ, ನೀನು ಹೇಳಿದ ಹಾಗೆ ಮೇಜು ಬಿಟ್ಟುಕೊಟ್ಟಿದ್ದೀನಿ ಅಂದ. ನಂಗೆ ವಯಸ್ಸಾಗಿದೆ ನಿಜ, ಆಡಿದ ಮಾತು ಮರೆಯೋಷ್ಟು ಆಗಿಲ್ಲ. ಈಗ ಸುಳ್ಳು ಹೇಳಬಹುದು, ಮುದ್ದು ಬೆಕ್ಕಾಗಿ ಮಿಯಾವ್ ಅನ್ನಬಹುದು, ತಪ್ಪಾಯ್ತು ಅತ್ತೆ ಎಂದು ರಾಜಕುಮಾರಿಯಾಗಿ ಬಿಕ್ಕಬಹುದು, ಎಲ್ಲ ದನಿಗಳೂ ಗಂಟಲಲ್ಲಿ ಸಾಲು ನಿಂತಿವೆ, ಅವಳು ಎಲ್ಲವನ್ನೂ ನುಂಗಿದಳು. ಹೌದು ಅತ್ತೆ, ನಾನೇ. ನನ್ನ ದನೀಲಿ ಕೇಳಿದೆ, ಕೊಡಲಿಲ್ಲ. ನಿಮ್ಮ ದನೀಲಿ ಕೇಳಿದೆ, ಒಂದೇ ಮಾತಿಗೆ ಕೊಟ್ಟ. ಮೇಜು ಕೊಯ್ದಾಗಿದೆ. ನಿಮ್ಮ ಹಾಸಿಗೆ ಅದೇ ಅನ್ನೋದು ಮರೆತಿದ್ದು ತಪ್ಪು. ಮೇಜು ಬೇಕು ಅಂದಿದ್ದು ತಪ್ಪಲ್ಲ. ಈಚೆ, ಬಾಗಿಲಲ್ಲಿ, ನೀರಿನ ಕ್ಯಾನು ಹಿಡಿದು ಅವನು, ಯಾವಾಗ ಬಂದನೋ, ಕಾಲ ಬಳಿ ಉರುಳಿ ಬಂದ ಸ್ಕ್ರೂಗಳು. ಅಮ್ಮ, ನಿನ್ನೆ ಮಾಡಿದ್ದು ನೀನಲ್ವಾ? ಅಲ್ಲ ಕಣೋ ಪೆದ್ದ, ನಾನಾಗಿದ್ರೆ ನನ್ನ ಹಾಸಿಗೇನ ನಾನೇ ಬಿಟ್ಟುಕೊಡ್ತಿದ್ನಾ, ನನ್ನ ಬಾಯಿಂದಲೇ ನನ್ನ ಮಂಚ ಕಿತ್ಕೊಂಡಳಲ್ಲೋ ಕಳ್ಳಿ — ಅಷ್ಟೇ, ಕೆಮ್ಮು ಒಡೆದು ನಗುವಾಯಿತು, ಶಾಲೆಯ ಗಂಟೆಯಂಥ ನಗು, ಫೋನು ಬೆಂಚಿನ ಮೇಲೆ ಅದುರುತ್ತ ಜರುಗುತ್ತಿದೆ. ಅವನು ಮಾತ್ರ ನಗಲಿಲ್ಲ. ನೀನೇ ಕೇಳಬಹುದಿತ್ತಲ್ಲೇ. ಕೇಳಿದ್ದೆ. ಯಾವಾಗ? ದಿನಾ.

ಅವನು ಕ್ಯಾನು ಕೆಳಗಿಟ್ಟ, ಹಲಗೆಯ ತುಂಡುಗಳನ್ನು ನೋಡಿದ, ಅವಳನ್ನು ನೋಡಿದ, ಕಿವಿಯ ತುದಿ ಕೆಂಪಗಾಗಿತ್ತು. ಯಾವುದು ನಂದು? ಬೀರುವಿನ ಕಡೇದು, ಕಿಟಕಿ ನಂದು. ಹುಡಿ ಹತ್ತಿದ ಗಂಟಲು, ಒರಟು ದನಿ, ಯಾರದಿದು — ಅವಳದೇ. ಐದು ನಿಮಿಷ ಅನ್ನಲಿಲ್ಲ ಅವನು, ಬೆಂಚಿನ ಮೇಲಿದ್ದ ತನ್ನ ಹಾಳೆಗಳನ್ನು ಸುತ್ತಿ ಎತ್ತಿದ, ಅವಳ ಹೆಡ್‌ಫೋನನ್ನು ಕಿಟಕಿಯ ಹಲಗೆಯ ಮೇಲಿಟ್ಟ. ಅಲ್ರೋ, ನಾನೆಲ್ಲಿ ಮಲಗಲಿ ಅಂತ ಯಾರಾದ್ರೂ ಹೇಳ್ತೀರಾ? ಹಿಂದಿನ ನಮ್ಮ ಹಾಸಿಗೇಲಿ, ನನ್ನ ಪಕ್ಕದಲ್ಲಿ ಅತ್ತೆ, ನಿಮ್ಮ ಮಗ ಬೆಂಚಿನ ಮೇಲೆ. ಅವನಿಗೂ ಈಗ ತಡೆಯಲಾಗಲಿಲ್ಲ, ನಕ್ಕ, ಅದನ್ನು ಮೀರಿಸಿ ಫೋನಿನೊಳಗಿನ ನಗು, ಮಂಚ ಕಳಕೊಂಡವರದೇ ಎಲ್ಲಕ್ಕಿಂತ ಜೋರು, ಅವಳೂ ನಗಬೇಕು, ನಗು ಬಾಯಿಯವರೆಗೆ ಬಂದಿದೆ, ಬೆಕ್ಕಿನದಲ್ಲ, ರಾಜಕುಮಾರಿಯದಲ್ಲ, ಹೇಗಿರುತ್ತದೆ ಅದು, ಕಣ್ಣು ನೆಲದ ಮೇಲೆ, ಉಕ್ಕಿನ ಬಳೆ, ಕಿಟಕಿಯ ಬಿಸಿಲು ಅದರ ಅಂಚಿಗೆ ಹತ್ತಿ ಹೊಳೆಯುತ್ತಿದೆ, ನಡುವೆ ತೂತು — ದುಂಡಗೆ, ನಗಲು ಬಾಯಿ ತೆರೆದು, ಅವಳೂ —